ಮಳೆಗಾಲದಲ್ಲಿ ಮಡಿಕೇರಿ ಕಡೆ ಮೊದಲ ಸಲ ಕಾರು ಓಡಿಸುವವರಿಗೆ

ಲೈಸೆನ್ಸ್ ಸಿಕ್ಕಿ ಎಂಟು ತಿಂಗಳು, ಜುಲೈ ಮಳೆ, ಜೊತೆಗೆ ಚಿಕ್ಕ ಮಗು. ಬೆಂಗಳೂರಿಂದ ಮಡಿಕೇರಿಗೆ ಬಂದು ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಬೇಕು, ಹುಷಾರಾಗಿ ಓಡಿಸುವುದು ಹೇಗೆ ಅಂತ ಕೇಳಿದ್ದೀರಿ. ನಾನು ಸುಂಟಿಕೊಪ್ಪದ ಹತ್ತಿರದವನು. 19 ವರ್ಷದಿಂದ ಇದೇ ರಸ್ತೆಗಳಲ್ಲಿ ಜೀಪು, ಪಿಕಪ್ ಓಡಿಸುತ್ತಿದ್ದೇನೆ. ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಮುಖ್ಯ ವಿಷಯ ಒಂದೇ. ಕಣ್ಣಿಗೆ ಎಷ್ಟು ರಸ್ತೆ ಕಾಣುತ್ತದೋ ಅಷ್ಟರೊಳಗೆ ಗಾಡಿ ನಿಲ್ಲಬೇಕು. 60 ಕಿ.ಮೀ. ಸ್ಪೀಡಲ್ಲಿ ಇದ್ದರೆ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಮುಂದೆ ಹೋಗಿರುತ್ತೀರಿ. ಕಾಲು ಬ್ರೇಕಿಗೆ ಬರುವಷ್ಟರಲ್ಲೇ ಅಷ್ಟು ಮುಗಿದಿರುತ್ತದೆ. ನಮ್ಮ ಮಂಜಿನಲ್ಲಿ ಕೆಲವು ಸಲ ಅಷ್ಟು ದೂರ ಕಾಣುವುದೇ ಇಲ್ಲ.

ಒಂದು ದಿನ ಬೆಳಗ್ಗೆ ಆರೂವರೆಗೆ ಸಿದ್ದಾಪುರ ಕಡೆಯಿಂದ ಬರುತ್ತಿದ್ದೆ. ರಸ್ತೆ ಮಧ್ಯೆ ಆನೆ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಪಕ್ಕದ ತೋಟದ ಬೇಲಿ ಕಂಬ ಮುರಿದು ವಾಲಿತ್ತು. ತಕ್ಷಣ ಎರಡನೇ ಗೇರಿಗೆ ಇಳಿಸಿದೆ. ತಿರುವು ದಾಟಿದರೆ ಕೆಲಸದವರ ಜೀಪು, ಲೈಟ್ ಆರಿಸಿ ನಡುರಸ್ತೆಯಲ್ಲೇ ನಿಂತಿದೆ. ಅದರ ಮುಂದೆ ಹೆಣ್ಣಾನೆ ಮತ್ತು ಮರಿ. ಜೀಪಿನ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದ ಹೆಂಗಸೊಬ್ಬರು ನನ್ನ ಗಾಡಿ ಕಂಡು ಕಾಲು ಮೇಲಕ್ಕೆ ಎಳೆದುಕೊಂಡರು. ಎರಡು ಮಾರು ದೂರದಲ್ಲಿ ಗಾಡಿ ನಿಂತಿತು. ಲದ್ದಿ ನೋಡಿಯೂ ಹಾಗೇ ಬಂದಿದ್ದರೆ ಆ ಕಾಲು ಉಳಿಯುತ್ತಿರಲಿಲ್ಲ.

ಹಾಗಾಗಿ ರಸ್ತೆ ಮೇಲೆ ಏನು ಬಿದ್ದಿದೆ ನೋಡುತ್ತಾ ಇರಿ. ಹಸಿರೆಲೆ, ರೆಂಬೆ ಜಾಸ್ತಿ ಇದ್ದರೆ ಮುಂದೆ ಮರ ಬಿದ್ದಿರಬಹುದು. ಹಸಿ ಮಣ್ಣು, ಸಣ್ಣ ಕಲ್ಲು ಕಂಡರೆ ಮೇಲಿನ ಬರೆ, ಅಂದರೆ ರಸ್ತೆ ಪಕ್ಕದ ಗುಡ್ಡದ ಕಡಿದಾದ ಮಣ್ಣು, ಜರಿಯುತ್ತಿದೆ ಅಂದುಕೊಳ್ಳಿ, ಅಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯಲು ಹೋಗಬೇಡಿ. ನೀವು ಬರುವ ದಾರಿಯಲ್ಲೂ ಕುಶಾಲನಗರ ದಾಟಿದ ಮೇಲೆ ಆನೆಕಾಡು ಸಿಗುತ್ತದೆ. ಆನೆ ಕಂಡರೆ ದೂರದಲ್ಲೇ ನಿಲ್ಲಿ. ಹಾರನ್ ಬೇಡ, ಲೈಟ್ ಮಿಣುಕಿಸುವುದು ಬೇಡ, ಇಂಜಿನ್ ಆಫ್ ಮಾಡುವುದೂ ಬೇಡ.

ಇನ್ನು ಘಾಟಿ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲಿ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಬೇಡಿ, ದಯವಿಟ್ಟು. ಇಕ್ಕಟ್ಟಿನ ಕಡೆ ಏರಿ ಬರುವ ಗಾಡಿಗೆ ಮೊದಲು ದಾರಿ ಬಿಡಬೇಕು, ನಿಯಮವೇ ಹಾಗಿದೆ. ಆದರೆ ಬಸ್ಸು ಎದುರಾಯಿತು ಅಂತ ಗಾಬರಿಯಲ್ಲಿ ಪಕ್ಕದ ಹುಲ್ಲಿಗೆ ಚಕ್ರ ಇಳಿಸಬೇಡಿ. ಮಳೆಗಾಲದಲ್ಲಿ ಹುಲ್ಲು ಚರಂಡಿಯನ್ನೇ ಮುಚ್ಚಿರುತ್ತದೆ.

ಮಂಜಿನಲ್ಲಿ ಲೈಟ್ ಡಿಮ್‌ನಲ್ಲೇ ಇರಲಿ. ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದೂ ತಪ್ಪು. ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವರಿಗೆ ಗೊತ್ತಾಗುವುದಿಲ್ಲ, ಅಲ್ವಾ?

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಜೀವ ಹೋಗಿವೆ. ನೀವು ಇಳಿಯುವುದು ಅದೇ ದಾರಿ. ರೆಡ್ ಅಲರ್ಟ್ ಇದ್ದರೆ ಮಡಿಕೇರಿಯಲ್ಲೇ ಉಳಿಯಿರಿ, ರಾತ್ರಿಯಂತೂ ಘಾಟಿ ಬೇಡವೇ ಬೇಡ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳದೆ ಅದರದೇ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ. ನಿಮ್ಮದು ಆಟೋಮ್ಯಾಟಿಕ್ ಕಾರಾದರೆ ಯಾವುದು ಅಂತ ಬರೆಯಿರಿ, ಇಳಿಜಾರಿನಲ್ಲಿ ಅದನ್ನು ಹೇಗೆ ಹಿಡಿಯಬೇಕು ಅಂತ ಹೇಳುತ್ತೇನೆ.