ಮಾಲೀಕರ ತಪ್ಪಿಗೆ ದಂಡ ಯಾರಿಗೆ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರ ವಿರುದ್ಧ ತೀರ್ಪು ಬಂದಾಗಲೆಲ್ಲ ಲೀಗ್ ಕೂಡ ಕ್ರಮ ಕೈಗೊಳ್ಳಬೇಕೆಂಬ ಕೂಗೇಳುತ್ತದೆ. ನ್ಯಾಯಾಲಯವೇ ವಿಚಾರಿಸಿದ ಮೇಲೆ ಇನ್ನೊಂದು ಶಿಕ್ಷೆ ಏಕೆ? ಪೆಟ್ಟು ಬೀಳುವುದು ಕ್ಲಬ್ಬಿಗೇ ಅಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕ್ರಮ ಬೇಕು. ಆದರೆ ಅದು ಮಾಲೀಕರ ಮೇಲೆ, ಕ್ಲಬ್ಬಿನ ಮೇಲಲ್ಲ.

ಬ್ಲ್ಯಾಕ್‌ಪೂಲ್ ಪ್ರಕರಣ ನೋಡಿ. ಆ ಕಡಲತೀರದ ಊರಿನ ತಂಡ 2010ರಲ್ಲಿ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಏರಿತು, ಮರುವರ್ಷವೇ ಇಳಿಯಿತು. ಆ ಒಂದು ವರ್ಷ ಹಣದ ಹೊಳೆ ಹರಿಯಿತು. ನಿರ್ದೇಶಕರ ಸಂಭಾವನೆಯ ಹೆಸರಿನಲ್ಲಿ 1.1 ಕೋಟಿ ಪೌಂಡ್ ಮಾಲೀಕ ಓವನ್ ಆಯ್ಸ್ಟನ್ ಅವರ ಕಂಪನಿ ಸೇರಿತು. ಅವರದೇ ಇತರ ಕಂಪನಿಗಳಿಗೆ ಸಾಲವೆಂದು ಇನ್ನಷ್ಟು ಹೋಯಿತು. ಸಹಕಾರ ಸಂಘಗಳ ಲೆಕ್ಕ ತಪಾಸಣೆಯಲ್ಲಿ ಕೂದಲು ನರೆಸಿಕೊಂಡ ನನಗೆ ಈ ಬಗೆಯ ‘ಸಾಲ’ದ ಗುರುತು ಚೆನ್ನಾಗಿಯೇ ಇದೆ. 2016ರ ಹೊತ್ತಿಗೆ ತಂಡ ನಾಲ್ಕನೇ ದರ್ಜೆಗೆ ಕುಸಿದಿತ್ತು. ಇನ್ನು ಒಂದು ಪೆನ್ನಿಯನ್ನೂ ಕೊಡುವುದಿಲ್ಲವೆಂದು ಅಭಿಮಾನಿಗಳು ಮೈದಾನವನ್ನೇ ಬಹಿಷ್ಕರಿಸಿದರು.

ಷೇರುದಾರರಾಗಿದ್ದ ಲಾಟ್ವಿಯಾದ ವಾಲೆರಿ ಬೆಲೊಕೊನ್ ಹೈಕೋರ್ಟಿಗೆ ಹೋದರು. ಆಯ್ಸ್ಟನ್ ಕುಟುಂಬ ಕ್ಲಬ್ಬಿನ ಹಣವನ್ನು ಅನ್ಯಾಯವಾಗಿ ಬಸಿದುಕೊಂಡಿದೆ ಎಂದ ನ್ಯಾಯಾಲಯ, ಬೆಲೊಕೊನ್ ಅವರ ಷೇರುಗಳನ್ನು 3.1 ಕೋಟಿ ಪೌಂಡಿಗೂ ಹೆಚ್ಚು ಕೊಟ್ಟು ಕೊಳ್ಳುವಂತೆ 2017ರ ನವೆಂಬರ್‌ನಲ್ಲಿ ಆದೇಶಿಸಿತು. ಆದರೆ ಅದು ಸಿವಿಲ್ ತೀರ್ಪು. ಯಾರು ಕ್ಲಬ್ಬಿನ ಮಾಲೀಕರಾಗಬಹುದೆಂದು ಅಳೆಯುವ ಲೀಗ್‌ನ ಅರ್ಹತಾ ಪರೀಕ್ಷೆ ಮುಖ್ಯವಾಗಿ ನೋಡುವುದು ಕ್ರಿಮಿನಲ್ ಶಿಕ್ಷೆ, ದಿವಾಳಿತನ ಇಂಥವನ್ನು. ಹೀಗಾಗಿ ಆಯ್ಸ್ಟನ್ ಒಡೆತನ ಮುಂದುವರಿಯಿತು. ಅತ್ತ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನ ನ್ಯಾಯಾಲಯವೊಂದು ಗೈರುಹಾಜರಿಯಲ್ಲಿ ಶಿಕ್ಷೆ ವಿಧಿಸಿತ್ತೆಂದು, ಮೊಕದ್ದಮೆ ಗೆದ್ದ ಬೆಲೊಕೊನ್ ಅನರ್ಹರಾದರು! ಬಿಷ್ಕೆಕ್‌ನ ತೀರ್ಪಿಗೆ ಇರುವ ತೂಕ ಲಂಡನ್ನಿನ ತೀರ್ಪಿಗೆ ಇಲ್ಲವೆಂದರೆ ಆ ನಿಯಮ ಬರೆದವರನ್ನು ಏನೆನ್ನೋಣ?

ನೀವು ಕೇಳಿದ ‘ಇನ್ನೊಂದು ಶಿಕ್ಷೆ’ಗೆ ಉತ್ತರ ಇಲ್ಲಿದೆ. ನ್ಯಾಯಾಲಯ ತೀರ್ಮಾನಿಸಿದ್ದು ಇಬ್ಬರು ಷೇರುದಾರರ ವ್ಯಾಜ್ಯವನ್ನು. ಈ ಮನುಷ್ಯನ ಕೈಯಲ್ಲಿ ಕ್ಲಬ್ ಇರಬಹುದೇ ಎಂಬ ಪ್ರಶ್ನೆ ಅಲ್ಲಿ ಬರಲೇ ಇಲ್ಲ. ಅದನ್ನು ಕೇಳಬೇಕಾದದ್ದು ಲೀಗ್. ಕೊನೆಗೂ ಆಯ್ಸ್ಟನ್ ಹೊರಬಿದ್ದದ್ದು ಹಣ ಪೂರ್ತಿ ಪಾವತಿಸದೆ, 2019ರ ಫೆಬ್ರುವರಿಯಲ್ಲಿ ಹೈಕೋರ್ಟ್ ರಿಸೀವರ್ ಅನ್ನು, ಅಂದರೆ ಆಸ್ತಿ ವಶಕ್ಕೆ ಪಡೆದು ನೋಡಿಕೊಳ್ಳುವ ಅಧಿಕಾರಿಯನ್ನು, ನೇಮಿಸಿದಾಗ.

ಇನ್ನು ಕ್ಲಬ್ಬಿಗೆ ಬೀಳುವ ಪೆಟ್ಟು. ಆ ಭಯ ಸುಳ್ಳಲ್ಲ. ರಿಸೀವರ್ ಬಂದರೆಂದು ಬ್ಲ್ಯಾಕ್‌ಪೂಲ್‌ನ 12 ಪಾಯಿಂಟ್ ಕಡಿತವಾಗುವ ಸಾಧ್ಯತೆಯಿತ್ತು. ಲೀಗ್ ಪುಣ್ಯಕ್ಕೆ ಕೈಬಿಟ್ಟಿತು. ನಮ್ಮಲ್ಲಿ 2015ರಲ್ಲಿ ಲೋಧಾ ಸಮಿತಿ ಐಪಿಎಲ್ ಬೆಟ್ಟಿಂಗ್ ಪ್ರಕರಣದಲ್ಲಿ ಚೆನ್ನೈ ತಂಡದ ಗುರುನಾಥ್ ಮೇಯಪ್ಪನ್, ರಾಜಸ್ಥಾನ ತಂಡದ ಸಹಮಾಲೀಕ ರಾಜ್ ಕುಂದ್ರಾ ಅವರಿಗೆ ಆಜೀವ ನಿಷೇಧ ಹೇರಿದ್ದು ಸರಿಯೇ. ಆದರೆ ಜೊತೆಗೇ ಚೆನ್ನೈ, ರಾಜಸ್ಥಾನ ತಂಡಗಳೂ ಎರಡು ವರ್ಷ ಐಪಿಎಲ್‌ನಿಂದ ಹೊರಗುಳಿದವು. ಟಿಕೆಟ್ ಕೊಂಡವನು ಮಾಡಿದ ತಪ್ಪೇನು?

ಮೇಲ್ಮನವಿ ಬಾಕಿಯಿದ್ದರೆ ಕ್ಲಬ್ಬಿನ ನಿರ್ಧಾರಗಳಲ್ಲಿ ಮಾಲೀಕರ ಮತಾಧಿಕಾರ ಅಮಾನತಿನಲ್ಲಿರಲಿ. ತೀರ್ಪು ಅಂತಿಮವಾದರೆ ಗಡುವು ಕೊಟ್ಟು ಷೇರು ಮಾರಿಸಲಿ. ಇಂಗ್ಲೆಂಡಿನಲ್ಲಿ 2025ರ ಫುಟ್‌ಬಾಲ್ ಆಡಳಿತ ಕಾಯ್ದೆಯಿಂದ ಬಂದ ಸ್ವತಂತ್ರ ನಿಯಂತ್ರಕರಿಗೆ ಅನರ್ಹ ಮಾಲೀಕರನ್ನು ಹೊರಹಾಕಿಸುವ ಅಧಿಕಾರವಿದೆ. ಅದನ್ನು ಶ್ರೀಮಂತ ಕ್ಲಬ್ಬೊಂದರ ಮಾಲೀಕರ ಮೇಲೂ ಬಳಸುತ್ತಾರೆಯೇ ಎಂದು ಕಾದಿದ್ದೇನೆ.