‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಚಿತ್ರದ ವಯಸ್ಕರ ನಕಲು ‘ಪೈರೇಟ್ಸ್’ಗೆ ಹತ್ತು ಲಕ್ಷ ಡಾಲರ್ ಸುರಿದಿದ್ದಾರೆ, ಕಥೆಯೂ ಇದೆ. ಅದಕ್ಕೆ ಕತ್ತರಿ ಹಾಕಿದ ಆವೃತ್ತಿಯೂ ಇದೆಯಂತೆ, ಮನೆಮಂದಿಯ ಜೊತೆ ನೋಡಬಹುದೇ?

ಬೇಡ. 2006ರಲ್ಲಿ ಹಾಸನದಲ್ಲಿ ನನ್ನದೊಂದು ಸಿಡಿ ಬಾಡಿಗೆ ಅಂಗಡಿ ಇತ್ತು. ಆ ಜುಲೈನಲ್ಲಿ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಎರಡನೆಯ ಭಾಗ ಬಿಡುಗಡೆಯಾದಾಗ, ಮೊದಲನೆಯದನ್ನು ನೋಡದವರೆಲ್ಲ ನನ್ನ ಬಾಗಿಲಿಗೆ ಬಂದರು. 1995ರಲ್ಲಿ ‘ಕಟ್‌ಥ್ರೋಟ್ ಐಲೆಂಡ್’ ಮಕಾಡೆ ಮಲಗಿದ ಮೇಲೆ ಕಡಲ್ಗಳ್ಳರೆಂದರೆ ಹಾಲಿವುಡ್ಡಿಗೆ ಅಂಜಿಕೆಯಿತ್ತು. ಡಿಸ್ನಿಲ್ಯಾಂಡಿನ ದೋಣಿ ಸವಾರಿಯೊಂದರಿಂದ ಹುಟ್ಟಿದ 2003ರ ಆ ಮೊದಲ ಭಾಗ ಅದನ್ನು ಕಳೆಯಿತು. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಎಲ್ಲಿ ಬರ? 2005ರಲ್ಲಿ ವಯಸ್ಕರ ಚಿತ್ರ ತೆಗೆಯುವವರೂ ಹಿಡಿದರು. ಹೆಸರು ಬರಿದೇ ‘ಪೈರೇಟ್ಸ್’.

ನನ್ನ ತಪ್ಪು ಇಷ್ಟೇ. ಸಗಟು ಕಟ್ಟಿನಲ್ಲಿ ಎರಡೂ ಬಂದವು (ಕಡಲ್ಗಳ್ಳರ ಚಿತ್ರಗಳ ಕಳ್ಳ ಪ್ರತಿಗಳು, ಒಪ್ಪಿಕೊಳ್ಳುತ್ತೇನೆ). ಜಾಗ ಉಳಿಯಲೆಂದು ಮುದ್ರಿತ ಹೊದಿಕೆಗಳನ್ನು ಬಿಸಾಡಿ, ಡಿಸ್ಕುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಮಾರ್ಕರ್‌ನಲ್ಲಿ ಹೆಸರು ಬರೆಯುವುದು ನನ್ನ ರೂಢಿ. ಹೊದಿಕೆಯ ಹಿಂಬದಿ ಓದಲಿಲ್ಲ. ಎರಡರ ಮೇಲೂ ‘ಪೈರೇಟ್ಸ್’ ಎಂದು ಗೀಚಿದೆ. ಹಾಕಿ ನೋಡಲಿಲ್ಲವೆಂದಲ್ಲ, ನೋಡಿದೆ: ಹಡಗು, ಕಡಲು, ಕತ್ತಿ. ಎರಡೇ ನಿಮಿಷ. ಅಷ್ಟರಲ್ಲಿ ಗಿರಾಕಿ ಬಂದರು, ನಿಲ್ಲಿಸಿದೆ. ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ದರೆ ಸಾಕಿತ್ತು.

ಅದನ್ನು ಒಯ್ದವರು ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು. ಊರಿಂದ ಬೀಗರು ಬಂದಿದ್ದರಂತೆ.

ಮರುದಿನ ಬೆಳಿಗ್ಗೆ ಡಿಸ್ಕನ್ನು ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ ತಂದು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. “ಬರುತ್ತೇನಪ್ಪಾ” ಎಂದು ಹೊರಟರು. ಮತ್ತೆ ಬರಲಿಲ್ಲ.

ಹತ್ತು ಲಕ್ಷ ಡಾಲರ್ ಸುರಿದಿದ್ದಾರೆ, ಕಥೆಯೂ ಇದೆ ಎನ್ನುತ್ತೀರಿ. ಅವರು ಅನುಕರಿಸಿದ ಚಿತ್ರಕ್ಕೆ ತಗಲಿದ್ದು ಸುಮಾರು 14 ಕೋಟಿ ಡಾಲರ್. ಆ ಲೆಕ್ಕದಲ್ಲಿ ಇದು ಹಗ್ಗ, ಹಾಯಿಯ ಖರ್ಚು. ಅದರ ಜಾತಿಯಲ್ಲಿ ದುಬಾರಿ ಇರಬಹುದು, ಆದರೆ ನೀವು ಕೇಳುತ್ತಿರುವುದು ಮನೆಮಂದಿಯ ಸಿನಿಮಾ ಬಗ್ಗೆ. ಯಾವುದಕ್ಕಾಗಿ ತೆಗೆದರೋ ಅದನ್ನೇ ಕತ್ತರಿಸಿದ ಮೇಲೆ ಉಳಿಯುವುದು ಪೇಲವ ಕತ್ತಿವರಸೆ, ಕಂಪ್ಯೂಟರಿನ ಅಸ್ಥಿಪಂಜರಗಳು. ಅದಕ್ಕೆ ಒಂದು ಸಂಜೆ ಯಾಕೆ ಕೊಡುತ್ತೀರಿ? 2003ರದ್ದನ್ನೇ ಇನ್ನೊಮ್ಮೆ ಹಾಕಿ.

ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಮೇಷ್ಟ್ರು ಅಂದು ಕೇಳದೆ ಬಿಟ್ಟುಹೋದ 200 ರೂಪಾಯಿ ಠೇವಣಿ ನನ್ನ ಬಳಿಯೇ ಇದೆ.