ತಾಯಿಯಿಂದ ಬಂದ ರಕ್ಷಣೆ ಇರುವಾಗ ಲಸಿಕೆ ಏಕೆ?

ಪ್ರಶ್ನೆ: ಗರ್ಭಿಣಿಯಾಗಿರುವ ನನ್ನ ಮಗಳಿಗೆ ಈಗ ಎಂಟನೆಯ ತಿಂಗಳು. ಹೆರಿಗೆಯ ನಂತರ ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕೆಂದು ಮನೆಯ ಹಿರಿಯರು ಹೇಳುತ್ತಾರೆ. ತಾಯಿಯ ರೋಗನಿರೋಧಕ ಶಕ್ತಿ ಮಗುವಿಗೆ ಬಂದಿರುವುದರಿಂದ ಆರು ತಿಂಗಳವರೆಗೆ ಲಸಿಕೆ ಬೇಡವೆನ್ನುವವರೂ ಇದ್ದಾರೆ. ಯಾವುದು ಸರಿ?
– ಓದುಗರೊಬ್ಬರು, ಹಾಸನ

ಉತ್ತರ: ಆ ಹಾಲನ್ನು ದಯವಿಟ್ಟು ಚೆಲ್ಲಿಸಬೇಡಿ, ಲಸಿಕೆಯನ್ನೂ ಮುಂದೂಡಬೇಡಿ. ತಾಯಿಯಿಂದ ಮಗುವಿಗೆ ರಕ್ಷಣೆ ದೊರೆಯುವುದು ನಿಜ. ಆದರೆ ಅದು ಎರಡು ದಾರಿಗಳಲ್ಲಿ ಬರುತ್ತದೆ, ಎರಡಕ್ಕೂ ಮಿತಿಯಿದೆ.

ಮೊದಲ ದಾರಿ ಮಾಸು. ತಾಯಿಗೆ ಹಿಂದೆ ಬಂದುಹೋದ ಕಾಯಿಲೆಗಳಿಂದಲೂ ಆಕೆ ಹಾಕಿಸಿಕೊಂಡ ಲಸಿಕೆಗಳಿಂದಲೂ ರಕ್ತದಲ್ಲಿ ಉಂಟಾದ, ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳ ಪೈಕಿ ‘ಐಜಿಜಿ’ ಎಂಬ ಬಗೆಯನ್ನು ಮಾಸು ಆರಿಸಿ ಮಗುವಿನ ರಕ್ತಕ್ಕೆ ದಾಟಿಸುತ್ತದೆ. ಇದರ ಬಹುಪಾಲು ನಡೆಯುವುದು ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬುವ ಮುನ್ನ ಹುಟ್ಟಿದ ಕೂಸುಗಳಿಗೆ ಈ ರಕ್ಷಣೆ ಕಡಿಮೆಯಿರುವುದು ಅದಕ್ಕಾಗಿಯೇ. ಗರ್ಭಿಣಿಯರಿಗೆ ಕೊಡುವ ಟಿಡಿ ಚುಚ್ಚುಮದ್ದು ಕೂಸನ್ನೂ ಧನುರ್ವಾಯುವಿನಿಂದ ಕಾಯುವುದು ಇದೇ ದಾರಿಯಲ್ಲಿ. ಹೊಕ್ಕುಳಿನ ಗಾಯದ ಮೂಲಕ ತಗುಲಿ ಎಳೆಗೂಸುಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಆ ರೋಗವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತದಲ್ಲಿ ಉಳಿದಿಲ್ಲವೆಂದು 2015ರಲ್ಲಿ ಘೋಷಿಸಲಾಯಿತು. ನಮ್ಮ ಆಶಾ ಕಾರ್ಯಕರ್ತೆಯರಿಗೂ ದಾದಿಯರಿಗೂ ಇದರಲ್ಲಿ ದೊಡ್ಡ ಪಾಲಿದೆ.

ಆದರೆ ಈ ಪ್ರತಿಕಾಯಗಳನ್ನು ಮಗು ತಾನೇ ತಯಾರಿಸಿಕೊಂಡಿರುವುದಿಲ್ಲ. ಮೂರು ನಾಲ್ಕು ವಾರಗಳಿಗೊಮ್ಮೆ ಅವು ಅರ್ಧಕ್ಕೆ ಇಳಿಯುತ್ತ ಹೋಗುತ್ತವೆ. ತಾಯಿಯಲ್ಲೇ ಇಲ್ಲದ ಪ್ರತಿಕಾಯ ಮಗುವಿಗೆ ಬರುವುದೂ ಇಲ್ಲ. ನಾಯಿಕೆಮ್ಮು ಅತ್ಯಂತ ಅಪಾಯಕಾರಿಯಾಗುವುದು ಮೊದಲ ಕೆಲವು ತಿಂಗಳಲ್ಲಾದ್ದರಿಂದ ಅದರ ಲಸಿಕೆಯನ್ನು ಆರನೆಯ ವಾರದಲ್ಲೇ ಆರಂಭಿಸುತ್ತಾರೆ. ದಡಾರದ್ದು ಬೇರೆ ಮಾತು: ತಾಯಿಯಿಂದ ಬಂದ ಪ್ರತಿಕಾಯವು ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಸ್ಸನ್ನೇ ತಡೆದುಬಿಡುವುದರಿಂದ ಅದನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ನೀವು ಕೇಳಿದ ಮಾತು ಬಹುಶಃ ಇಲ್ಲಿಂದ ಹುಟ್ಟಿರಬೇಕು. ಉಳಿದ ಲಸಿಕೆಗಳಿಗೆ ಅದು ಅನ್ವಯಿಸುವುದಿಲ್ಲ.

ಎರಡನೆಯ ದಾರಿ ಎದೆಹಾಲು. ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ 1892ರ ಸುಮಾರಿಗೆ ಇದನ್ನು ಇಲಿಗಳಲ್ಲಿ ತೋರಿಸಿದರು. ನಮ್ಮ ಗುಲಗಂಜಿ ಬೀಜದ ವಿಷಕ್ಕೆ ಒಗ್ಗಿಸಿದ ತಾಯಿಲಿಯ ಹಾಲನ್ನು ಬೇರೆ ಇಲಿಯ ಮರಿಗಳಿಗೆ ಕುಡಿಸಿದಾಗ ಅವಕ್ಕೂ ಆ ವಿಷವನ್ನು ತಾಳುವ ಶಕ್ತಿ ಬಂತು. ಇಲಿಮರಿಯ ಕರುಳು ಪ್ರತಿಕಾಯವನ್ನು ರಕ್ತಕ್ಕೆ ಹೀರಿಕೊಳ್ಳುತ್ತದೆ. ಮನುಷ್ಯರ ಕೂಸಿನಲ್ಲಿ ಹಾಗಾಗುವುದು ತೀರ ಅಲ್ಪ. ಹಾಲಿನಲ್ಲಿರುವ ‘ಐಜಿಎ’ ಪ್ರತಿಕಾಯಗಳು ಕರುಳಿನಲ್ಲೇ ಉಳಿದು, ರೋಗಾಣುಗಳು ಅದರ ಗೋಡೆಗೆ ಅಂಟಿಕೊಳ್ಳದಂತೆ ತಡೆಯುತ್ತವೆ. ಎದೆಹಾಲು ಕುಡಿಯುವ ಮಕ್ಕಳಿಗೆ ಭೇದಿ ಕಡಿಮೆಯಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಈ ಪ್ರತಿಕಾಯಗಳು ಅತಿ ಹೆಚ್ಚಾಗಿರುವುದು ಹಿರಿಯರು ಚೆಲ್ಲಲು ಹೇಳುತ್ತಿರುವ ಆ ಮೊದಲ ಹಾಲಿನಲ್ಲೇ.

ಹೆರಿಗೆಯಾದ ಒಂದು ಗಂಟೆಯೊಳಗೆ ಮೊಲೆಯೂಡಿಸಲಿ. ಜೇನುತುಪ್ಪವನ್ನಾಗಲಿ ಸಕ್ಕರೆ ನೀರನ್ನಾಗಲಿ ಕೊಡುವುದು ಬೇಡ. ಬಿಸಿಜಿ, ಪೋಲಿಯೊ ಮತ್ತು ಹೆಪಟೈಟಿಸ್-ಬಿ ಲಸಿಕೆಗಳನ್ನು ಹುಟ್ಟಿದೊಡನೆ ಹಾಕಿಸಿ, ಬಳಿಕ 6, 10 ಮತ್ತು 14ನೆಯ ವಾರಗಳಲ್ಲಿ ತಪ್ಪದೆ ಕರೆದೊಯ್ಯಿರಿ. ಬಾಣಂತಿಗೆ ನೆಗಡಿಯೋ ಸಣ್ಣ ಜ್ವರವೋ ಬಂದರೆ ಹಾಲು ಬಿಡಿಸಬೇಡಿ. ಆ ಸೋಂಕಿನ ವಿರುದ್ಧ ಆಕೆಯಲ್ಲಿ ಹುಟ್ಟುವ ಪ್ರತಿಕಾಯವೂ ಹಾಲಿನೊಂದಿಗೆ ಮಗುವನ್ನು ಸೇರುತ್ತದೆ.